ಉಪ್ಪಿನಕಾಯಿ ಜಾಡಿಯ ಕಲ್ಲಿಗೆ ಊರು ಯಾವುದು?

ಕೇಳಿ, ಇವತ್ತು ಬೆಳಿಗ್ಗೆ ನಮ್ಮ ಉಪ್ಪಿನಕಾಯಿ ಜಾಡಿಯ ಮೇಲಿನ ಕಲ್ಲನ್ನು ನೋಡಲು ಸರ್ಕಾರಿ ಅಧಿಕಾರಿಯೊಬ್ಬರು ಬಂದಿದ್ದರು. ದೇಶ ಸ್ವತಂತ್ರವಾಯಿತಲ್ಲ, ಈಗ ಎಲ್ಲೆಲ್ಲಿ ಯಾವ ಪಳೆಯುಳಿಕೆ ಸಿಕ್ಕಿದೆ ಎಂದು ಇಡೀ ದೇಶದ ಪಟ್ಟಿ ಮಾಡುತ್ತಿದ್ದಾರಂತೆ. ಸೊಸೆ ಫಿಲೋಮಿನಾ ಮದುವೆಯಾಗಿ ಬರುವಾಗ ತಂದ ಆ ಕಲ್ಲಿನಲ್ಲಿ ಸುರುಳಿಯಾದ ಚಿಪ್ಪಿನ ಗುರುತಿದೆ. ಕೋಟ್ಯಂತರ ವರ್ಷ ಹಳೆಯದಂತೆ.

ಅಧಿಕಾರಿ ಕಾರ್ಡು ತೆಗೆದು, "ಊರು?" ಎಂದರು.

"ಚಾಮರಾಜಪುರಂ, ಮೈಸೂರು" ಎಂದೆ.

"ಈಗಿರೋ ಊರಲ್ಲ ಅಮ್ಮ, ಸಿಕ್ಕಿದ ಊರು. ಅದು ಗೊತ್ತಿಲ್ದಿದ್ರೆ ಇದು ಬರೀ ಕಲ್ಲು."

"ಹನ್ನೆರಡು ವರ್ಷದಿಂದ ನಮ್ಮನೇಲಿದೆ ಕಣ್ರೀ! ಇನ್ಯಾವೂರು ಬೇಕು?"

ಅಡುಗೆಮನೆಯಿಂದ ಸೊಸೆಯ ದನಿ ಬಂತು: "ಅರಿಯಲೂರು ಸಾರ್, ನನ್ನ ತವರೂರು. ನಮ್ಮಪ್ಪ ಬಾವಿ ತೋಡಿಸೋವಾಗ ಇಪ್ಪತ್ತಡಿ ಆಳದಲ್ಲಿ ಸಿಕ್ತು."

ಅವಳ ತವರಿನಿಂದ ಬಂದದ್ದು ಅದೊಂದು ಕಲ್ಲು ಮಾತ್ರ ಎಂದು ಹನ್ನೆರಡು ವರ್ಷ ಆಡಿಕೊಂಡವಳು ನಾನು. ಅಧಿಕಾರಿಯೋ, ಬಾವಿಯ ಆಳವನ್ನೂ ಬಿಡದೆ ಸಂತೋಷದಿಂದ ಬರೆದುಕೊಂಡರು. ಕೊಟ್ಟವರ ಹೆಸರು ಫಿಲೋಮಿನಾ ಎಂದಾಯಿತು.

"ನಮ್ಮನೆ ಸೊಸೆ ಅಂತ್ಲೂ ಬರೀರಿ" ಎಂದೆ.

"ಅದಕ್ಕೆ ಜಾಗ ಇಲ್ಲ ಅಮ್ಮ."

"ಹಾಗಾದ್ರೆ ಕಲ್ಲೂ ಇಲ್ಲ."

ಪಾಪ, ಕಾರ್ಡಿನ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದು, ಕಲ್ಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು.

ಮಧ್ಯಾಹ್ನ ಬಡಿಸುವಾಗ ಸೊಸೆ ಏನೋ ಗುನುಗುತ್ತಿದ್ದಳು. "ಏನಮ್ಮ, ಭಾರಿ ಖುಷಿ?" ಎಂದೆ. "ಏನಿಲ್ಲ ಅತ್ತೆ, ಜಾಡಿ ಮೇಲಿಡೋಕೆ ಈ ಸಲ ನಿಮ್ಮ ತವರಿಂದ ಒಂದು ಕಲ್ಲು ತರ್ಸಿ" ಎಂದಳು.

ನನ್ನ ತವರಿನಲ್ಲಿ ಬಾವಿಯೇ ಇಲ್ಲ. ಅದನ್ನು ಅವಳಿಗೆ ಯಾರೂ ಹೇಳಬೇಡಿ.