ಗಜಕಡ್ಡಿಯ ಮೂರನೇ ದೂರು

ಮಳೆಗಾಲ ಬಂತೆಂದರೆ ಗಜಕಡ್ಡಿಗೆ ಅಸಹ್ಯವಾಗುತ್ತಿತ್ತು. ಮಳೆಯನ್ನು ಕಂಡಲ್ಲ, ನಾಲ್ಕು ಹನಿ ಬಿದ್ದೊಡನೆ ಬುದ್ಧಿಯನ್ನು ಚರಂಡಿಗೆ ಬಿಡುವ ಜನರನ್ನು ಕಂಡು. ಕಂಪನಿಯೊಂದರ ಬ್ಯಾಟರಿ ಟ್ಯಾಕ್ಸಿ ಓಡಿಸಲು ಹಿಡಿದು ಅವನಿಗೆ ನಾಲ್ಕು ವರ್ಷ. ರಸ್ತೆಯಲ್ಲಿ ನೀರು ನಿಂತಿದ್ದರೆ ಇಳಿದು, ಕೆಂಪು ಟೇಪು ಸುತ್ತಿದ ಕೋಲನ್ನು ಅದ್ದಿ ನೋಡುತ್ತಿದ್ದ. ಟೇಪು ಮುಳುಗಿದರೆ ಕಾರು ಹಿಂದಕ್ಕೆ. ಮುಳುಗದಿದ್ದರೆ ಆಮೆಯ ಹಾಗೆ ದಾಟಿ, ಆಚೆ ಬದಿಯಲ್ಲಿ ಬ್ರೇಕನ್ನು ಮೆಲ್ಲಗೆ ಒತ್ತಿ ಒತ್ತಿ ಒಣಗಿಸಿಕೊಳ್ಳುತ್ತಿದ್ದ. ಟ್ಯಾಕ್ಸಿ ಸ್ಟ್ಯಾಂಡಿನವರು ಅವನಿಗೆ ಅಳತೆಕೋಲಿನ ಹೆಸರಿಟ್ಟದ್ದು ಅದಕ್ಕೇ.

ಗೇಲಿ ಮಾಡುವುದರಲ್ಲಿ ಎಲ್ಲರಿಗಿಂತ ಮುಂದೆ ಅವನ ಹೆಂಡತಿಯ ತಮ್ಮ. ಅವನದೂ ಅದೇ ಕಂಪನಿಯ ಕಾರು. “ಇದಕ್ಕೆ ಸೈಲೆನ್ಸರೇ ಇಲ್ಲ ಭಾವ. ನೀರು ಎಲ್ಲಿಂದ ಒಳಗೆ ಹೋಗುತ್ತೆ?” ಎನ್ನುತ್ತಿದ್ದ. ಬ್ಯಾಟರಿ ಇರುವುದು ಕಾಲಡಿಯಲ್ಲೇ, ನೀರು ಹೆಚ್ಚಾದರೆ ಯಾವ ಕಾರಾದರೂ ತೇಲುತ್ತದೆ ಎಂದು ಹೇಳಿ ಹೇಳಿ ಗಜಕಡ್ಡಿಯ ಬಾಯಿ ಒಣಗಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಸುತ್ತುದಾರಿ ಹಿಡಿದ ಎಂದು ಪ್ರಯಾಣಿಕರು ಅವನ ಮೇಲೆ ಆಗಲೇ ಎರಡು ದೂರು ಕೊಟ್ಟಿದ್ದರು. ಮೂರನೆಯದು ಬಂದರೆ ಕಾರು ವಾಪಸ್ ಎಂದು ಕಚೇರಿಯವರು ಹೇಳಿಟ್ಟಿದ್ದರು. ಮನೆ ನಡೆಯುತ್ತಿದ್ದುದು ಆ ಕಾರಿನಿಂದಲೇ.

ಆ ಮಧ್ಯಾಹ್ನ ಮಳೆ ಧೋ ಎಂದು ಸುರಿಯುತ್ತಿತ್ತು. ರೈಲು ಸೇತುವೆಯ ಕೆಳಗೆ ಚರಂಡಿ ಉಕ್ಕಿ ಕಪ್ಪು ನೀರು ನಿಂತಿತ್ತು. ಟೇಪು ಮುಳುಗಿತು.

“ಸುತ್ತಿ ಹೋಗೋಣ ಸರ್, ಹತ್ತು ನಿಮಿಷ ಜಾಸ್ತಿ ಆಗುತ್ತೆ ಅಷ್ಟೆ.”

ಹಿಂದಿನ ಸೀಟಿನಲ್ಲಿದ್ದ ಬಿಳಿ ಬೂಟಿನ ಸಾಹೇಬರು ಸಿಡುಕಿದರು. “ಧೈರ್ಯ ಇಲ್ದವನು ಸ್ಟೀರಿಂಗ್ ಯಾಕೆ ಹಿಡೀತೀಯ?”

ಅಷ್ಟರಲ್ಲಿ ಭಾವಮೈದುನನ ಖಾಲಿ ಕಾರು ಪಕ್ಕಕ್ಕೆ ಬಂದು ನಿಂತಿತು. “ನನ್ನ ಕಾರಲ್ಲಿ ಬನ್ನಿ ಸರ್, ಎರಡೇ ನಿಮಿಷ” ಎಂದ ಅವನು. ಸಾಹೇಬರು ಹತ್ತಿಕೊಂಡರು.

ಕಾರು ಅರ್ಧ ದಾರಿ ಹೋಗಿ ದೀಪ ಆರಿ ನಿಂತಿತು. ಆಮೇಲೆ ಮೆಲ್ಲಗೆ ಅಡ್ಡ ತಿರುಗಿತು. ಒಳಗೆ ಇಬ್ಬರೂ ಗಾಜು ಬಡಿಯುತ್ತಿದ್ದರು. ಗಜಕಡ್ಡಿ ಡಿಕ್ಕಿಯಿಂದ ವೀಲ್ ಸ್ಪ್ಯಾನರ್ ತೆಗೆದುಕೊಂಡು ತೊಡೆಮಟ್ಟದ ಕೊಚ್ಚೆಗೆ ಇಳಿದ. ಮೆತ್ತಗಿನದೇನೋ ಕಾಲಿಗೆ ಸುತ್ತಿಕೊಂಡಿತು. ಏನೆಂದು ನೋಡುವ ಮನಸ್ಸಾಗಲಿಲ್ಲ. ಬಾಗಿಲು ತೆರೆದುಕೊಳ್ಳಲಿಲ್ಲ. ಕಿಟಕಿ ಒಡೆದು ಒಬ್ಬೊಬ್ಬರನ್ನೇ ಎಳೆದುಕೊಂಡ.

ಸಾಹೇಬರನ್ನು ಸುತ್ತುದಾರಿಯಲ್ಲೇ ಕರೆದೊಯ್ದು ಬಿಟ್ಟ. ಅವರ ಮೈಯ ಕೊಚ್ಚೆಯೆಲ್ಲ ಸೀಟಿಗೆ ಮೆತ್ತಿತ್ತು. ಇಳಿದೊಡನೆ ಅವರು ಫೋನು ತೆಗೆದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಅವರು ಬರೆದ ದೂರು ಎರಡೇ ಪದ: “ಕಾರು ನಾರುತ್ತಿತ್ತು.”

ಮರುದಿನ ಗಜಕಡ್ಡಿ ಕಚೇರಿಯಲ್ಲಿ ನಡೆದದ್ದನ್ನೆಲ್ಲ ಹೇಳಿದ. ಮ್ಯಾನೇಜರು ತಲೆಯೆತ್ತದೆ, “ಮೂರಾಯ್ತಲ್ಲಪ್ಪ” ಎಂದು ಕೀಲಿಗೆ ಕೈ ಚಾಚಿದರು. ಭಾವಮೈದುನನ ಮೇಲೆ ಒಂದು ದೂರೂ ಇರಲಿಲ್ಲ, ಅವನ ಕಾರು ಕೆಟ್ಟು ವರ್ಕ್‌ಶಾಪು ಸೇರಿತ್ತು. ಹಾಗಾಗಿ ಕೀಲಿ ಅವನ ಕೈಗೆ ಹೋಯಿತು.

ಅವನು ಕಾರಿನ ಬಾಗಿಲು ತೆರೆದು ಮೂಗು ಮುಚ್ಚಿಕೊಂಡ.

“ಥೂ, ಏನು ವಾಸನೆ ಭಾವ. ಕೊಡೋಕೆ ಮುಂಚೆ ಸ್ವಲ್ಪ ತೊಳೆದಾದ್ರೂ ಕೊಡಬಾರದಿತ್ತಾ?”