ತಣ್ಣಗಾಗಲು ಬಿಡದ ಮೇಡಂ

"ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಗೆ ಜೀವಕೋಶ ಕೊಟ್ಟರೆ ಇನ್ನೇನಾಗುತ್ತೆ? ಇವನನ್ನ ಸ್ಕೂಟರ್ ತೊಳೆಯೋಕೆ ಕಳಿಸಿ. ಅಲ್ಲಿ ಸೋಪು ಉಳಿದರೂ ಯಾರೂ ಕೇಳಲ್ಲ."

ಐದು ವರ್ಷಗಳ ಹಿಂದೆ ಒಂದು ಸೋಮವಾರದ ಸಭೆಯಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಹದಿನಾಲ್ಕು ಜನರೆದುರು ಆಡಿದ ಮಾತು ಇದು. 'ಇವನು' ಅಂದರೆ ನಾನು. ಹದಿನಾಲ್ಕರಲ್ಲಿ ಒಂಬತ್ತು ಜನ ನಕ್ಕರು. ಎಣಿಸಿದ್ದೇನೆ. ಅಭಿನಂದನ ಗ್ರಂಥದ ಲೇಖನವನ್ನು ಬೈಗುಳದಿಂದ ಶುರು ಮಾಡಬಾರದು ಎಂಬುದು ನನಗೂ ಗೊತ್ತು. ಆದರೆ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಎಂಥವರು ಎಂದು ಹೇಳಹೊರಟರೆ ನನ್ನ ಕಾಲು ಆ ಸೋಮವಾರಕ್ಕೇ ಹೋಗಿ ನಿಲ್ಲುತ್ತದೆ.

ಮೊದಲು ಮೇಡಂ ಅವರ ವಿದ್ಯೆಯ ವಿಷಯ. ಮೂವತ್ತನಾಲ್ಕು ವರ್ಷ ಅವರು ಅಧ್ಯಯನ ಮಾಡಿದ್ದು ಜೀವಕೋಶದೊಳಗಿನ ಎಳೆಗಳನ್ನು. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನು 'ನೂಲಮ್ಮ' ಎನ್ನುತ್ತಾರೆ. ಅದು ಮೇಡಂಗೆ ಗೊತ್ತು, ಗೊತ್ತಿಲ್ಲದಂತೆ ಇರುತ್ತಾರೆ. ಜೀವಕೋಶ ಎಂದರೆ ನೀರು ತುಂಬಿದ ಚೀಲವಲ್ಲ, ಅದಕ್ಕೊಂದು ಒಳಗಿನ ಕಟ್ಟು ಇದೆ ಎಂಬುದನ್ನು ಅವರು ಸಾವಿರಾರು ಮಕ್ಕಳಿಗೆ ಕಲಿಸಿದ್ದಾರೆ. ಕೋಶದ ಅಂಚಿನಲ್ಲಿ ಆಕ್ಟಿನ್ ಎಂಬ ತೆಳು ಎಳೆಗಳಿವೆ. ಕೋಶ ತೆವಳುವುದು ಅವುಗಳ ಬಲದಿಂದ. ನಡುಗಾತ್ರದ ಎಳೆಗಳು ಎಳೆದಾಟವನ್ನು ತಾಳಿಕೊಳ್ಳುತ್ತವೆ. ನಮ್ಮ ಕೂದಲು, ಉಗುರು ಅದೇ ಜಾತಿಯವು. "ನೀನು ಸಿಟ್ಟಿಗೆ ಕಚ್ಚಿಕೊಳ್ತೀಯಲ್ಲ ಉಗುರು, ಅದೇ ಕಣೋ" ಎಂದು ಮೇಡಂ ನನಗೆ ಹೇಳಿಕೊಟ್ಟಿದ್ದು. ಮೂರನೆಯವು ಸೂಕ್ಷ್ಮನಾಳಗಳು. ಟ್ಯುಬ್ಯುಲಿನ್ ಎಂಬ ಪ್ರೋಟೀನಿನ ಬಿಲ್ಲೆಗಳು ಒಂದರ ಮೇಲೊಂದು ಕೂತು ಆಗುವ ಟೊಳ್ಳು ಕೊಳವೆಗಳು. ಅವುಗಳ ಮೇಲೆ ಪುಟ್ಟ ಮೋಟಾರು ಪ್ರೋಟೀನುಗಳು ಹೊರೆ ಹೊತ್ತು ಹೆಜ್ಜೆ ಹಾಕುತ್ತವೆ. ಕೋಶ ಎರಡಾಗುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವುದೂ ಈ ಕೊಳವೆಗಳೇ. ಮೇಡಂ ಅವರ ಪ್ರೀತಿಯೆಲ್ಲ ಇವುಗಳ ಮೇಲೆ.

ನಾನು ಇಲ್ಲಿಗೆ ಬಂದಾಗ ನನಗೆ ಹತ್ತೊಂಬತ್ತು. ಕಟ್ಟಡ ಕೆಲಸದಲ್ಲಿ ಆಳುಗಳು ನಿಲ್ಲಲು ಕಂಬ ಹಲಗೆ ಬಿಗಿದು ಸಾರುವೆ ಕಟ್ಟುತ್ತಾರಲ್ಲ, ನಮ್ಮಪ್ಪ ಆ ಕೆಲಸದವರು. ಎರಡನೇ ಮಹಡಿಯಿಂದ ಬಿದ್ದು ಸೊಂಟ ಮುರಿದುಕೊಂಡರು. ನಾನು ಪುಸ್ತಕ ಮುಚ್ಚಿ ಹಗ್ಗ ಹಿಡಿದೆ. ಐದು ವರ್ಷದ ನಂತರ ಈ ಪ್ರಯೋಗಾಲಯದಲ್ಲಿ ಗಾಜು ತೊಳೆಯುವ, ಕೋಶಗಳಿಗೆ ಆಹಾರ ಬದಲಿಸುವ ಗುತ್ತಿಗೆ ಕೆಲಸ ಸಿಕ್ಕಿತು. ಮೊದಲ ದಿನ ಮೇಡಂ ತಮ್ಮ ಸ್ಟೂಲನ್ನು ನನ್ನ ಕಡೆ ತಳ್ಳಿ, "ಕೂತು ನೋಡು. ನಿಂತು ನೋಡಿದರೆ ಕುತ್ತಿಗೆ ನೋಯುತ್ತೆ" ಎಂದರು. ಸೂಕ್ಷ್ಮದರ್ಶಕದಲ್ಲಿ ಕತ್ತಲ ನಡುವೆ ಹಸಿರು ಕೊಳವೆಗಳು ಹರಡಿದ್ದವು. "ಇದು ಸಾರುವೆ, ಮೇಡಂ" ಎಂದೆ. ಅವರು ನಗಲಿಲ್ಲ. "ಬರೀ ಸಾರುವೆ ಅಲ್ಲ, ಗಳಿಗೆಗೊಮ್ಮೆ ಬಿಚ್ಚಿ ಕಟ್ಟೋ ಸಾರುವೆ" ಎಂದರು.

ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಮಂಚದಲ್ಲಿ ಮಲಗಿದ್ದ ಅಪ್ಪ, "ಮತ್ತೆ? ಆ ಕಡೆ ಬಿಚ್ಚದೆ ಈ ಕಡೆ ಕಟ್ಟೋಕೆ ಕಂಬ ಎಲ್ಲಿಂದ ಬರುತ್ತೆ?" ಎಂದರು. ಮರುದಿನ ಇದನ್ನು ಕೇಳಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಕೋಶದಲ್ಲೂ ಹಾಗೆಯೇ ಅಂತೆ, ಕಳಚಿದ ಬಿಲ್ಲೆಗಳೇ ಇನ್ನೊಂದು ಕೊಳವೆಗೆ ಹೋಗುತ್ತವೆ. ಅಂದಿನಿಂದ ಪ್ರತಿ ವರ್ಷದ ಪಾಠದಲ್ಲೂ ಅವರು "ನನ್ನ ಸಹೋದ್ಯೋಗಿಯ ತಂದೆ ಹೇಳಿದ್ದು" ಎಂದು ಆ ಮಾತನ್ನು ಹೇಳುತ್ತಾರೆ. ಸಹೋದ್ಯೋಗಿ! ಗಾಜು ತೊಳೆಯುವವನು!

ಈಗ ಆ ಸೋಮವಾರ. ಸಂಶೋಧನಾ ವಿದ್ಯಾರ್ಥಿನಿಯೊಬ್ಬರ ಕೋಶಗಳಲ್ಲಿ ಮೂರು ವಾರದಿಂದ ಕೊಳವೆಯೇ ಕಾಣುತ್ತಿರಲಿಲ್ಲ. ಕೊಳವೆ ಕಳಚುವ ಔಷಧಿ ಹಾಕಿದವುಗಳಲ್ಲಿ ಇಲ್ಲದಿದ್ದರೆ ಸರಿ, ಹಾಕದವುಗಳಲ್ಲೂ ಇಲ್ಲ; ಬರೀ ಮಂಜು ಮಂಜು. ಕೋಶ ಬೆಳೆಯುವ ತೆಳು ಗಾಜಿನ ಮೇಲೆ ಸೋಪು ಉಳಿದಿದೆ ಎಂದು ಮುಖ್ಯಸ್ಥರು ತೀರ್ಮಾನಿಸಿದರು. ನನ್ನ ಗುತ್ತಿಗೆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಅದನ್ನು ಮುಂದುವರಿಸುವ ಕಾಗದಕ್ಕೆ ಸಹಿ ಅವರದೇ. ಕೆಲಸ ಹೋದರೆ ಹೋಗಲಿ, ಒಂಬತ್ತು ಜನರ ನಗು ಮಾತ್ರ ಸಿಟ್ಟು ತರಿಸಿತು.

ಮೇಡಂ ಸಭೆಯಲ್ಲಿ ನನ್ನ ಪರವಾಗಿ ಒಂದಕ್ಷರ ಮಾತಾಡಲಿಲ್ಲ. ಅವರ ಮೇಲೂ ಸಿಟ್ಟು ಬಂತು. ಮಧ್ಯಾಹ್ನ ಅವರೇ ತೊಳೆಯುವ ಕೋಣೆಗೆ ಬಂದು ನೀರಿನ ತೊಟ್ಟಿಯ ಅಂಚಿಗೆ ಒರಗಿ ನಿಂತರು.

"ನೀನು ಏನು ನೋಡಿದೆ, ಹೇಳು."

"ನಾನು ಹೇಳಿದ್ರೆ ಯಾರು ಕೇಳ್ತಾರೆ ಮೇಡಂ?"

"ನಾನು ಕೇಳ್ತಿದ್ದೀನಲ್ಲ."

"ಆ ರಿಸರ್ಚ್ ಅಕ್ಕ ತೊಳೆಯೋಕೆ ವಾಪಸ್ ಕೊಡೋ ತಟ್ಟೆಗಳ ಅಡಿ ಯಾವಾಗಲೂ ತಣ್ಣಗೆ, ಒದ್ದೆ ಇರುತ್ತೆ. ಬೇರೆಯವರದು ಹಾಗಿರಲ್ಲ."

ಮೇಡಂ ತಲೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕೂತುಬಿಟ್ಟರು.

ನಡೆದದ್ದು ಇಷ್ಟು. ಕೋಶಗಳನ್ನು ಬೆಳೆಸುವುದು ನಮ್ಮ ಮೈಬಿಸಿಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ. ಅವನ್ನು ಇದ್ದಂತೆಯೇ ಹಿಡಿದಿಡುವ ದ್ರಾವಣ ಹಾಕುವ ಮೇಜು ಕಾರಿಡಾರಿನ ಇನ್ನೊಂದು ತುದಿಯಲ್ಲಿ. ಅಲ್ಲಿ ಸರದಿ ಬರುವವರೆಗೆ ಇಪ್ಪತ್ತು ನಿಮಿಷ ಆ ಅಕ್ಕ ತಟ್ಟೆಯನ್ನು ಐಸಿನ ಮೇಲೆ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದರು. ಪ್ರೋಟೀನು ಕೆಡಬಾರದು ಎಂದರೆ ಐಸು. ಈ ಕಸುಬಿನವರಿಗೆಲ್ಲ ಅದು ಮೊದಲ ಪಾಠ. ಆದರೆ ಸೂಕ್ಷ್ಮನಾಳ ಚಳಿ ತಡೆಯದು. ತಣ್ಣಗಾದರೆ ಬಿಲ್ಲೆ ಬಿಲ್ಲೆಯಾಗಿ ಕಳಚಿಹೋಗುತ್ತದೆ. ಅಕ್ಕ ಜೋಪಾನ ಮಾಡಿದಷ್ಟೂ ಹಾಳಾಗುತ್ತಿತ್ತು.

ಮರುದಿನ ಹದಿನಾಲ್ಕೂ ಜನರನ್ನು ಮೇಡಂ ಕರೆಸಿದರು. ನಾನು ತೊಳೆದ ಗಾಜುಗಳನ್ನೇ ಬಳಸಿ, ನನ್ನ ಕೈಯಲ್ಲೇ ಮಾಡಿಸಿದರು. ಬೆಚ್ಚಗಿಟ್ಟವುಗಳಲ್ಲಿ ಕೊಳವೆಗಳು ತುಂಬಿದ್ದವು, ಐಸಿನವುಗಳಲ್ಲಿ ಮಂಜು. ಆಮೇಲೆ ಐಸಿನಲ್ಲಿದ್ದ ಇನ್ನೊಂದು ತಟ್ಟೆಯನ್ನು ಬೆಚ್ಚಗಿನ ಪೆಟ್ಟಿಗೆಗೆ ಹಾಕಿಸಿ, ಐದು ನಿಮಿಷಕ್ಕೆ ತೆಗೆಸಿ ತೋರಿಸಿದರು. ಕೋಶದ ನಡುವಿನಿಂದ ಹೊಸ ಕೊಳವೆಗಳು ನಕ್ಷತ್ರದಂತೆ ಚಿಮ್ಮತೊಡಗಿದ್ದವು. ಆಗ ಮೇಡಂ ಹೇಳಿದರು: "ಗಾಜು ಚೊಕ್ಕವಾಗಿತ್ತು. ಈ ಹುಡುಗಿ ಬಂದ ಮೊದಲ ದಿನ ಎಲ್ಲವನ್ನೂ ಐಸಿನ ಮೇಲಿಡು ಅಂತ ಹೇಳಿಕೊಟ್ಟವಳು ನಾನು. ಇದೊಂದನ್ನು ಬಿಟ್ಟು ಅಂತ ಹೇಳೋದು ಮರೆತೆ. ತಪ್ಪು ನನ್ನದು. ಕಂಡುಹಿಡಿದವನು ಇವನು."

ಅಳುತ್ತಿದ್ದ ಅಕ್ಕನ ಹೆಗಲ ಮೇಲೆ ಅವರ ಒಂದು ಕೈ ಇತ್ತು, ನನ್ನ ಹೆಗಲ ಮೇಲೆ ಇನ್ನೊಂದು. ಮೂವತ್ತು ವರ್ಷದ ಹೆಸರುಳ್ಳವರು ತಮ್ಮದೇ ವಿದ್ಯೆಯಲ್ಲಿ ತಪ್ಪಿದೆ ಎಂದು ಅಷ್ಟು ಜನರೆದುರು ಒಪ್ಪಿಕೊಂಡದ್ದನ್ನು ನಾನು ಅದಕ್ಕೆ ಮೊದಲು ಕಂಡಿಲ್ಲ, ಆಮೇಲೂ ಕಂಡಿಲ್ಲ. ಮುಖ್ಯಸ್ಥರು ಗುತ್ತಿಗೆಯ ಕಾಗದಕ್ಕೆ ಸಹಿ ಹಾಕಿದರು. ಕ್ಷಮೆ ಕೇಳಲಿಲ್ಲ. ಈ ಗ್ರಂಥದ ಸಂಪಾದಕರೂ ಅವರೇ ಆದ್ದರಿಂದ ಈ ಸಾಲು ನಿಮ್ಮವರೆಗೆ ತಲುಪಿದರೆ ಅದನ್ನೂ ಮೇಡಂ ಅವರ ಕೃಪೆ ಎಂದೇ ತಿಳಿಯಿರಿ. "ಅವನ ಲೇಖನ ಇಲ್ಲದಿದ್ದರೆ ನನಗೆ ಗ್ರಂಥ ಬೇಡ" ಎಂದಿದ್ದರಂತೆ.

ಮೇಡಂ, ನಿಮಗೆ ಕಣ್ಣಿನ ಬೆಳಕು ಮಾಸದಿರಲಿ, ಮಂಡಿನೋವು ಕಡಿಮೆಯಾಗಲಿ, ನೂರು ತುಂಬಿದ ಮೇಲೂ ಯಾವುದಾದರೂ ಸ್ಟೂಲಿನ ಮೇಲೆ ಕೂತು ಯಾರಿಗಾದರೂ "ಏನು ನೋಡಿದೆ, ಹೇಳು" ಎನ್ನುತ್ತಿರಿ. ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ಆದರೆ ಮೊನ್ನೆ ನಡೆದದ್ದನ್ನೂ ನಿಮಗೆ ಹೇಳಬೇಕು.

ಮೊನ್ನೆ ನಿಮ್ಮ ಕೊನೆಯ ಪ್ರಯೋಗ. ಕೈಗವಸು ತೊಟ್ಟು ನೀವು ಆ ತುದಿಯ ಮೇಜಿನಲ್ಲಿ ಕಾಯುತ್ತಿದ್ದಿರಿ. ನಾನು ಬಿಸಿ ಮಾಡಿದ ಲೋಹದ ಹಲಗೆಯ ಮೇಲೆ ತಟ್ಟೆಯಿಟ್ಟು, ಬಟ್ಟೆ ಮುಚ್ಚಿಕೊಂಡು ಕಾರಿಡಾರಿಗೆ ಬಂದೆ. ಅಲ್ಲಿಂದ ನಿಮ್ಮವರೆಗೆ ಮೂವತ್ತೆರಡು ಹೆಜ್ಜೆ. ಹತ್ತನೇ ಹೆಜ್ಜೆಗೆ ಮುಖ್ಯಸ್ಥರು ನಾಲ್ಕು ಜನರೊಂದಿಗೆ ಅಡ್ಡ ನಿಂತಿದ್ದರು.

"ಏನಪ್ಪಾ, ನೀನೂ ಲೇಖನ ಬರೀತಿದ್ದೀಯಂತೆ? ಯಾರ ಹತ್ತಿರ ಬರೆಸ್ತಿದ್ದೀಯ?"

ನಾಲ್ವರೂ ನಕ್ಕರು. ಐದು ವರ್ಷದಿಂದ ಮಸೆದಿಟ್ಟಿದ್ದ ಉತ್ತರ ನಾಲಿಗೆಯ ತುದಿಗೆ ಬಂತು. ಹೇಳಲು ಎರಡು ನಿಮಿಷ ಸಾಕಿತ್ತು. ಆದರೆ ಹಲಗೆಯ ಬಿಸಿ ಇರುವುದೂ ಎರಡೇ ನಿಮಿಷ. ಬಟ್ಟೆಯ ಕೆಳಗೆ ನಿಮ್ಮ ಕೋಶಗಳು ಎರಡಾಗುತ್ತಿದ್ದವು, ಎಳೆಗಳು ಬಿಗಿಯಾಗಿ ನಿಂತಿದ್ದವು. ನಾನು ತಟ್ಟೆಯನ್ನು ಎದೆಗೆ ಹತ್ತಿರ ಹಿಡಿದು, ಅವರ ಪಕ್ಕದಿಂದ ಸರಿದು, ಹನ್ನೊಂದನೇ ಹೆಜ್ಜೆ ಇಟ್ಟೆ.