೧.೩೭ ಮೀಟರ್ ಮಲ್ಲಿಗೆ

“ಏನ್ ಸಾರ್, ಹೂವಿಗೂ ಮೀಟ್ರಾ?” ಹೂವಿನಾಕೆ ನಕ್ಕುಬಿಟ್ಟಳು. ಎಪ್ಪತ್ತರ ದಶಕದ ಕೊನೆಯಲ್ಲಿ, ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ನಾನು ಆಕೆಯನ್ನು ೧.೩೭ ಮೀಟರ್ ಮಲ್ಲಿಗೆ ಕೇಳಿದ್ದೆ. ಮನೆಗೆ ಹೂವು ತರುತ್ತಿದ್ದವಳು ನನ್ನ ಹೆಂಡತಿ. ಈಗ ಅವಳ ಫೋಟೋಗೇ ಹಾರ ಬೇಕಿತ್ತು. ಮೊದಲ ಹಾರ ಗಿಡ್ಡವಾಗಬಾರದೆಂದು ಮೊಳೆಯಿಂದ ಚೌಕಟ್ಟಿನ ಸುತ್ತ ಟೇಪು ಹಿಡಿದು ಅಳೆದುಕೊಂಡು ಹೋಗಿದ್ದೆ.

ಯಾರಿಗೆಂದು ಹೇಳಿದಾಗ ಆಕೆಯ ನಗು ನಿಂತಿತು. “ಫೋಟೋ ಎಷ್ಟು ದೊಡ್ಡದು, ಕೈಯಲ್ಲಿ ತೋರ್ಸಿ ಸಾರ್.” ತೋರಿಸಿದೆ. ಮೊಣಕೈಯಿಂದ ಬೆರಳ ತುದಿಯವರೆಗೆ ಮೂರು ಮೊಳ ಅಳೆದಳು. ಕತ್ತರಿಸುವ ಮೊದಲು ಕೈಯನ್ನು ಮೂರು ಬೆರಳಿನಷ್ಟು ಮುಂದಕ್ಕೆ ಸರಿಸಿದಳು.

ಮನೆಯಲ್ಲಿ ಟೇಪು ಹಿಡಿದೆ. ಸರಿಯಾಗಿ ೧.೪ ಮೀಟರ್! ೧.೩೭ನ್ನು ಒಂದು ದಶಾಂಶ ಸ್ಥಾನಕ್ಕೆ ಅಂದಾಜು ಮಾಡಿದರೆ ಬರುವ ಅದೇ ಅಂಕಿ. ಮೂರು ಸೆಂಟಿಮೀಟರ್ ಹೆಚ್ಚಾಯಿತಲ್ಲ ಎಂದುಕೊಳ್ಳುತ್ತಲೇ ತುದಿಗಳನ್ನು ಸೇರಿಸಿ ಗಂಟು ಹಾಕಿದೆ. ಹೆಚ್ಚಿನದೆಲ್ಲ ಗಂಟಿಗೇ ಹೋಯಿತು. ಹಾರ ಅವಳ ಸುತ್ತ ಅಳತೆಯಿಟ್ಟಂತೆ ಕೂತಿತು. ನನ್ನ ಲೆಕ್ಕದಲ್ಲಿ ಗಂಟೇ ಇರಲಿಲ್ಲ.

“ರೀ, ಆ ಪಾಯಿಂಟೆಲ್ಲ ಬಿಡಿ, ಅಂದಾಜು ಹೇಳಿ” ಎನ್ನುತ್ತಿದ್ದಳು ನನ್ನವಳು. ಅಂದಿನಿಂದ ನಾನೂ ಮೂರು ಮೊಳ ಎಂದಷ್ಟೇ ಕೇಳತೊಡಗಿದೆ. ಹೂವಿನಾಕೆಯ ಬೆರಳು ಆ ಚೂರು ಮುಂದಕ್ಕೆ ಸರಿಯುವುದನ್ನು ಮಾತ್ರ ಪ್ರತಿಸಲವೂ ಉಸಿರು ಹಿಡಿದು ನೋಡುತ್ತಿದ್ದೆ.